ಕಾಡಿನ ಬಳಿಕ ಕಡಲು

ಮಕ್ಕಳು ಪರದೇಶದಲ್ಲಿ ನೆಲೆಸಿರುವ ಮನೆಗಳಲ್ಲಿ ಈಗೀಗ ಒಂದು ಹೊಸ ಬಗೆಯ ಚರ್ಚೆ ನಡೆಯುವುದುಂಟು. ನಮ್ಮ ಬಾಲ್ಯದಲ್ಲಿ ಬೇಸಿಗೆಯ ರಜೆ ಬಂತೆಂದರೆ ಯಾವ ಜಾತ್ರೆಗೆ ಹೋಗಬೇಕು, ಸೋದರಮಾವನ ಮನೆಯಲ್ಲಿ ಎಷ್ಟು ದಿನ ಇರಬೇಕು ಎಂಬಷ್ಟಕ್ಕೇ ಮಾತು ಮುಗಿಯುತ್ತಿತ್ತು. ಈಗ ದುಡಿಯುವ ಮಗನೋ ಮಗಳೋ ತಂದೆತಾಯಿಗಳನ್ನು ಕರೆಸಿಕೊಂಡು, ತಾವಿರುವ ದೇಶವನ್ನು ತೋರಿಸಿ, ಅದಾದ ಮೇಲೆ ಮತ್ತೊಂದು ಕಡೆ ನಾಲ್ಕು ದಿನ ಸುಖವಾಗಿ ಇರಿಸಬೇಕೆಂದು ಬಯಸುತ್ತಾರೆ. ಅವರ ಬಯಕೆ ಒಳ್ಳೆಯದೇ. ಆದರೆ ಆ ಮತ್ತೊಂದು ಕಡೆ ಯಾವುದಾಗಬೇಕೆಂದು ತೀರ್ಮಾನಿಸುವಾಗ ಹಣದ ಲೆಕ್ಕಕ್ಕಿಂತ ಮೊದಲು ನೋಡಬೇಕಾದ ಸಂಗತಿಯೊಂದಿದೆ. ಅದನ್ನು ನಾನು ಕಲಿತದ್ದು 2023ರ ಆಗಸ್ಟ್ ತಿಂಗಳಲ್ಲಿ, ಕೀನ್ಯಾ ದೇಶದ ಕಾಡಿನಲ್ಲಿ, ಒಂದು ನಡುರಾತ್ರಿ. ಹೇಳಿಕೊಂಡರೆ ನಮ್ಮಂಥ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಧಾರವಾಡ. ನಮ್ಮ ಯಜಮಾನರು ಪ್ರೌಢಶಾಲೆಯಲ್ಲಿ 33 ವರ್ಷ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ನಾನೂ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನಮಗೆ ಒಬ್ಬನೇ ಮಗ. ಇಂಜಿನಿಯರಿಂಗ್ ಓದಿ, ಹನ್ನೊಂದು ವರ್ಷಗಳಿಂದ ಹೆಂಡತಿ ಮಕ್ಕಳೊಂದಿಗೆ ಕೀನ್ಯಾದ ರಾಜಧಾನಿ ನೈರೋಬಿಯಲ್ಲಿದ್ದಾನೆ. ಮೊಮ್ಮಗಳಿಗೆ ಆಗ ಹನ್ನೊಂದು ವರ್ಷ, ಮೊಮ್ಮಗನಿಗೆ ಆರು. ಯಜಮಾನರು ಹಲಗೆಯ ಮೇಲೆ ಸೀಮೆಸುಣ್ಣವನ್ನು ಎತ್ತದೆ ಒಂದೇ ಗೆರೆಯಲ್ಲಿ ಆಫ್ರಿಕಾ ಖಂಡವನ್ನು ಬರೆಯುತ್ತಿದ್ದುದನ್ನು ಅವರ ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಅಂಥವರಿಗೆ ಆ ನೆಲವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆ ಇದ್ದುದು ಸಹಜ. ಒಂದು ವರ್ಷ ಮನೆ ಕಟ್ಟಿಸುವುದು, ಇನ್ನೊಂದು ವರ್ಷ ನಾದಿನಿಯ ಮದುವೆ, ಆಮೇಲೆ ನನ್ನ ಅತ್ತೆಯವರ ಕಾಯಿಲೆ, ಹೀಗೆ ಆ ಆಸೆ ಮುಂದಕ್ಕೆ ಹೋಗುತ್ತಲೇ ಇತ್ತು.

ಹೀಗಿರಲಾಗಿ 2021ರ ಸುಮಾರಿಗೆ ಅವರಲ್ಲಿ ಮರೆವು ಕಾಣಿಸಿಕೊಂಡಿತು. ಮೊದಮೊದಲು ಕನ್ನಡಕ, ಬೀಗದ ಕೈ. ಬಳಿಕ ಸಂತೆಯಿಂದ ಬರುವಾಗ ನಮ್ಮ ಓಣಿಯ ತಿರುವು. ಮರುವರ್ಷ ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ವಯೋಸಹಜವಾದ ಮರೆವಷ್ಟೇ ಆಗಿರದೆ ಮಿದುಳಿನ ಕಾಯಿಲೆಯ ಆರಂಭವೆಂದು ತಿಳಿಸಿದರು. ನಾನು ಆ ಕಾಗದಗಳನ್ನು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಮಗನಿಗೆ ಹೇಳಲಿಲ್ಲ. ಹೇಳಿದರೆ ಕೆಲಸ ಬಿಟ್ಟು ಬಂದುಬಿಟ್ಟಾನು, ಸೊಸೆಯ ಉದ್ಯೋಗಕ್ಕೂ ಮಕ್ಕಳ ಶಾಲೆಗೂ ತೊಂದರೆಯಾದೀತು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಪ್ರತಿ ಭಾನುವಾರ ಮೊಬೈಲಿನಲ್ಲಿ ಮುಖ ನೋಡಿ ಮಾತನಾಡುವಾಗ ಯಜಮಾನರ ಪಕ್ಕದಲ್ಲೇ ಕುಳಿತು, ಅವರು ತಡವರಿಸಿದಲ್ಲಿ ನಾನು ಮಾತು ತುಂಬುತ್ತಿದ್ದೆ. ಮಗನಿಗೆ ಅಪ್ಪ ಸ್ವಲ್ಪ ಮೆತ್ತಗಾಗಿದ್ದಾನೆಂದು ಅನಿಸಿತೇ ಹೊರತು ಹೆಚ್ಚಿನದೇನೂ ತಿಳಿಯಲಿಲ್ಲ.

2023ರ ಬೇಸಿಗೆಯಲ್ಲಿ ಮಗ ಪಟ್ಟು ಹಿಡಿದ. ಆಗಸ್ಟ್‌ನಲ್ಲಿ ಮಸಾಯಿ ಮಾರಾ ಎಂಬ ಅಭಯಾರಣ್ಯದಲ್ಲಿ ಲಕ್ಷಾಂತರ ಪ್ರಾಣಿಗಳು ನದಿ ದಾಟುವುದನ್ನು ಅಪ್ಪನಿಗೆ ತೋರಿಸಬೇಕು, ಇನ್ನು ತಡಮಾಡಬಾರದು ಎಂದ. ತಡಮಾಡಬಾರದೆಂಬುದು ಅವನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಒಪ್ಪಿಕೊಂಡೆ.

ಹೊರಡುವ ಮುನ್ನ ಮಾಡಬೇಕಾದ ಕೆಲಸವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೀನ್ಯಾ ಹಳದಿ ಜ್ವರ ಇರುವ ದೇಶ. ಅಲ್ಲಿಂದ ಭಾರತಕ್ಕೆ ಮರಳುವವರು ಆ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವನ್ನು ವಿಮಾನ ನಿಲ್ದಾಣದಲ್ಲಿ ತೋರಿಸಬೇಕು. ಇಲ್ಲವಾದರೆ ಪ್ರತ್ಯೇಕವಾಗಿ ಇರಿಸುತ್ತಾರೆ. ಲಸಿಕೆ ಸರಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಹಾಕಿಸಿಕೊಂಡು ಹತ್ತು ದಿನವಾದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. 2016ರಿಂದ ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಪಾಯದ ಸಂಭವ ಸ್ವಲ್ಪ ಹೆಚ್ಚಾದುದರಿಂದ ತಮ್ಮ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ನಮ್ಮ ವೈದ್ಯರು ಇಬ್ಬರನ್ನೂ ಪರೀಕ್ಷಿಸಿ ಒಪ್ಪಿದ ಮೇಲೆಯೇ ನಾವು ಹಾಕಿಸಿಕೊಂಡೆವು.

ಮುಂಬಯಿಯಿಂದ ನೈರೋಬಿಗೆ ಸುಮಾರು ಆರು ಗಂಟೆಯ ವಿಮಾನ ಪ್ರಯಾಣ. ಮಗನ ಮನೆ ಸೇರಿ ಎರಡು ದಿನ ವಿಶ್ರಾಂತಿ ಪಡೆದೆವು. ಎರಡನೆಯ ರಾತ್ರಿ ಊಟದ ಮೇಜಿನ ಸುತ್ತ ಕುಳಿತಾಗ ಆ ದೊಡ್ಡ ಚರ್ಚೆ ಆರಂಭವಾಯಿತು. ಮಾರಾದಲ್ಲಿ ನಾಲ್ಕು ದಿನ ಎಂಬುದು ನಿಶ್ಚಯವಾಗಿತ್ತು. ಅದಾದ ಮೇಲೆ ಒಂದು ವಾರ ಎಲ್ಲಿಗೆ?

ಮಗನ ಮನಸ್ಸು ಸೆಶೆಲ್ಸ್ ದ್ವೀಪಗಳ ಮೇಲೆ ನೆಟ್ಟಿತ್ತು. ಹಿಂದೂ ಮಹಾಸಾಗರದ ನಡುವೆ 115 ದ್ವೀಪಗಳು, ನೈರೋಬಿಯಿಂದ ಸುಮಾರು ಮೂರು ಗಂಟೆಯ ದಾರಿ. ಅಲ್ಲಿನ ಪ್ರಾಸ್ಲಿನ್ ದ್ವೀಪದಲ್ಲಿ ಜಗತ್ತಿನ ಅತಿ ದೊಡ್ಡ ಬೀಜವನ್ನು ಬಿಡುವ ಕಡಲ ತೆಂಗಿನ ಮರಗಳಿವೆ. ನಮ್ಮ ಕಡೆ ಸಾಧುಗಳು ಕಮಂಡಲವಾಗಿ ಹಿಡಿಯುವ ಕಪ್ಪು ಕರಟ ಈ ಕಾಯಿಯದೇ. ಅಪ್ಪನಿಗೆ ಅದನ್ನು ತೋರಿಸಬೇಕು, ನೂರು ವರ್ಷ ದಾಟಿದ ದೈತ್ಯ ಆಮೆಗಳನ್ನು ತೋರಿಸಬೇಕು ಎಂದು ಅವನು ಬಣ್ಣಿಸುತ್ತಲೇ ಹೋದ. ಗುಡ್ಡದ ಇಳಿಜಾರಿನಲ್ಲಿ ಕಡಲಿಗೆ ಮುಖ ಮಾಡಿದ ಬಿಡಿಬಿಡಿ ಮನೆಗಳು, ಪ್ರತಿಯೊಂದಕ್ಕೂ ಅದರದೇ ಈಜುಕೊಳ. ಮುಂಗಡವನ್ನೂ ಕೊಟ್ಟುಬಿಟ್ಟಿದ್ದ. ಅಲ್ಲಿ ಒಂದು ರಾತ್ರಿಗೆ ಕೊಡಬೇಕಾದ ಹಣ ನನ್ನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು.

ಸೊಸೆಗೆ ಮಾರಿಷಸ್ ಒಳ್ಳೆಯದೆನಿಸಿತ್ತು. ಅಲ್ಲಿನ ಜನರಲ್ಲಿ ಹೆಚ್ಚಿನವರು ಭಾರತ ಮೂಲದವರು. 1834ರಿಂದ ಕಬ್ಬಿನ ತೋಟಗಳಿಗೆಂದು ಕರಾರು ಕೂಲಿಗಳಾಗಿ ಹೋದವರ ಸಂತತಿ. ಆದ್ದರಿಂದ ಸಸ್ಯಾಹಾರಕ್ಕೆ ಪರದಾಟವಿಲ್ಲ, ಬೇಳೆಯ ಹೂರಣ ತುಂಬಿದ ತೆಳುವಾದ ಪೂರಿ ಬೀದಿಬೀದಿಯಲ್ಲಿ ಸಿಗುತ್ತದೆ, ಸೆಶೆಲ್ಸ್‌ನಂತೆ ಅಲ್ಲಿಯೂ ಮಲೇರಿಯಾದ ಭಯವಿಲ್ಲ ಎಂಬುದು ಅವಳ ವಾದ. ಆದರೆ ಪ್ರಯಾಣ ನಾಲ್ಕು ಗಂಟೆಗೂ ಮೀರಿದ್ದು, ಆಗಸ್ಟ್ ಅಲ್ಲಿ ಚಳಿಗಾಲ. ಮೊಮ್ಮಗಳು ಜಾಂಜಿಬಾರ್ ಎಂದಳು. ಶಾಲೆಯಲ್ಲಿ ಅವಳು ಅದರ ಇತಿಹಾಸ ಓದಿದ್ದಳು. ಕಲ್ಲಿನ ಹಳೆಯ ಪಟ್ಟಣ, ಹಿತ್ತಾಳೆಯ ಗುಬ್ಬಿಗಳನ್ನು ಜಡಿದ ಕೆತ್ತನೆಯ ಬಾಗಿಲುಗಳು, ಲವಂಗದ ತೋಟಗಳು, 1873ರಲ್ಲಿ ಮುಚ್ಚಿದ ಗುಲಾಮರ ಸಂತೆಯ ಜಾಗ. ಮೊಮ್ಮಗನಿಗೆ ನೀರಿದ್ದರೆ ಯಾವ ಊರಾದರೂ ಆದೀತು.

ಎಲ್ಲರೂ ಯಜಮಾನರ ಕಡೆ ತಿರುಗಿದರು. ಅವರು ನಗುತ್ತ, "ನಮ್ಮ ಊರಿಗೆ ಹೋಗೂಣಲ್ಲ" ಎಂದರು. ಅಜ್ಜ ತಮಾಷೆ ಮಾಡುತ್ತಿದ್ದಾರೆಂದು ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಹಣದ ನೆಪ ತೆಗೆದೆ. ಊಟದ ನೆಪ ತೆಗೆದೆ. ನನ್ನ ಮೊಣಕಾಲಿನ ನೆಪವನ್ನೂ ತೆಗೆದೆ. ಇಳಿಜಾರಿನ ಮೆಟ್ಟಿಲುಗಳು, ಬೇಲಿಯಿಲ್ಲದ ಈಜುಕೊಳ, ಒಂದರಿಂದೊಂದು ದೂರವಿರುವ ಮನೆಗಳು ಎಂದು ಮಗ ಹೇಳುವಾಗಲೆಲ್ಲ, ಕತ್ತಲೆಯಲ್ಲಿ ಯಜಮಾನರು ಬಾಗಿಲು ತೆರೆದು ಹೊರಗೆ ಹೋಗುವ ಚಿತ್ರವೇ ನನ್ನ ಕಣ್ಣಮುಂದೆ ಬರುತ್ತಿತ್ತು. ಅದನ್ನು ಹೇಳಲಾರದೆ ಮಿಕ್ಕಿದ್ದನ್ನೆಲ್ಲ ಹೇಳುತ್ತಿದ್ದೆ. ಕೊನೆಗೆ ಮಗನಿಗೆ ನೋವಾಯಿತು. "ಅವ್ವ, ರೊಕ್ಕದ ಮಾತು ಬ್ಯಾಡ. ಅಪ್ಪ ಒಂದು ದಿವಸನೂ ತನಗಂತ ಏನೂ ತಗೊಂಡಿಲ್ಲ. ಇದೊಂದು ನನಗ ಮಾಡಗೊಡು" ಎಂದ. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಸೆಶೆಲ್ಸ್ ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಸಣ್ಣ ವಿಮಾನದಲ್ಲಿ ಮಾರಾಕ್ಕೆ ಹೊರಟೆವು. ಒಬ್ಬೊಬ್ಬರಿಗೆ 15 ಕಿಲೋ ಸಾಮಾನು ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಮುಕ್ಕಾಲು ಗಂಟೆಯಲ್ಲಿ ಹುಲ್ಲುಗಾವಲಿನ ನಡುವಿನ ಮಣ್ಣಿನ ಪಟ್ಟಿಯ ಮೇಲೆ ಇಳಿದೆವು. ಮಾರಾ ಅಭಯಾರಣ್ಯದ ವಿಸ್ತಾರ 1,510 ಚದರ ಕಿಲೋಮೀಟರು. ದಕ್ಷಿಣಕ್ಕೆ ತಾಂಜಾನಿಯಾದ ಸೆರೆಂಗೆಟಿಯೊಂದಿಗೆ ಕೂಡಿಕೊಂಡಿದೆ. ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡಬೀಸ್ಟ್ ಎಂಬ ಪ್ರಾಣಿಗಳು, ಅವುಗಳೊಡನೆ ಜೀಬ್ರಾಗಳು, ಹಸಿರು ಹುಲ್ಲನ್ನು ಅರಸುತ್ತ ಪ್ರತಿ ವರ್ಷ ಈ ಎರಡು ನೆಲಗಳ ನಡುವೆ ಸುತ್ತುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಅವು ಮಾರಾದ ಕಡೆ ಇರುತ್ತವೆ.

ಸಫಾರಿಯೆಂದರೆ ಕುಳಿತಲ್ಲೇ ನೋಡುವ ಸುಖವೆಂದು ನಾನು ತಿಳಿದಿದ್ದೆ. ಅದು ದುಡಿಮೆಯೇ ಸರಿ. ಬೆಳಗಿನ ಐದಕ್ಕೆ ಏಳಬೇಕು. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಸಾವಿರ ಮೀಟರ್ ಎತ್ತರದ ನೆಲವಾದ್ದರಿಂದ ಕೈ ಮರಗಟ್ಟುವ ಚಳಿ. ಜೀಪಿನಲ್ಲಿ ಕುಲುಕಾಟ, ಧೂಳು, ಗಂಟೆಗಟ್ಟಲೆ ಕಾಯುವುದು. ಮೂರನೆಯ ದಿನ ನದಿಯ ದಂಡೆಯಲ್ಲಿ ಮೂರು ಗಂಟೆ ಕಾದ ಮೇಲೆ ಮೊದಲ ಪ್ರಾಣಿ ನೀರಿಗೆ ಧುಮುಕಿತು. ಅದರ ಹಿಂದೆ ಸಾವಿರಾರು. ಮೊಸಳೆಗಳು ಎರಡನ್ನು ಎಳೆದುಕೊಂಡವು. ಯಜಮಾನರು ಎದ್ದು ನಿಂತು, ಜೀಪಿನ ಸರಳನ್ನು ಹಿಡಿದು, ಒಂದು ಮಾತೂ ಆಡದೆ ನೋಡಿದರು. ಅವರ ಕಣ್ಣು ತುಂಬಿದ್ದವು. ಇಷ್ಟಕ್ಕಾಗಿಯಾದರೂ ಬಂದದ್ದು ಸಾರ್ಥಕವಾಯಿತೆಂದುಕೊಂಡೆ.

ಅಂದು ರಾತ್ರಿಯೇ ಅದು ನಡೆಯಿತು. ನಾವಿದ್ದುದು ಗುಡಾರಗಳ ಬಿಡಾರ. ಸುತ್ತ ಬೇಲಿಯಿಲ್ಲ. ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಹೊರಗೆ ಕಾಲಿಡಕೂಡದೆಂದು ಮೊದಲ ದಿನವೇ ಹೇಳಿದ್ದರು. ರಾತ್ರಿ ನೀರುಕುದುರೆಗಳು ಹುಲ್ಲು ಮೇಯಲು ನದಿಯಿಂದ ಮೇಲೆ ಬರುತ್ತವೆ. ದಣಿವಿನಿಂದ ನನಗೆ ಗಾಢ ನಿದ್ರೆ ಹತ್ತಿತ್ತು. ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಗುಡಾರದ ಜಿಪ್ಪು ತೆರೆದಿತ್ತು. ನನ್ನ ಕೈಕಾಲು ತಣ್ಣಗಾದವು. ಹೊರಗೆ ಬಂದು ಕೂಗಬೇಕೆಂದರೆ ಧ್ವನಿಯೇ ಏಳಲಿಲ್ಲ. ಅಷ್ಟರಲ್ಲಿ ಕೈದೀಪದ ಬೆಳಕು ಕಂಡಿತು. ಕೆಂಪು ಹೊದಿಕೆಯ ಮಸಾಯಿ ಕಾವಲುಗಾರನೊಬ್ಬ ಯಜಮಾನರ ಕೈ ಹಿಡಿದುಕೊಂಡು, ಮನೆಯ ಹಿರಿಯರನ್ನು ನಡೆಸಿಕೊಂಡು ಬರುವಂತೆ, ನಿಧಾನವಾಗಿ ಕರೆತರುತ್ತಿದ್ದ. ಯಜಮಾನರು ನನ್ನನ್ನು ಕಂಡು, "ಇದು ಯಾರ ಮನಿ? ಬಾ, ನಮ್ಮ ಮನಿಗೆ ಹೋಗೂಣು" ಎಂದರು. ಹಿಂದೆ ಮಗ ನಿಂತಿದ್ದ. ಗದ್ದಲಕ್ಕೆ ಅವನಿಗೂ ಎಚ್ಚರವಾಗಿತ್ತು.

ಬೆಳಗಾಗುವವರೆಗೆ ನಾನು ಮಗನಿಗೆ ಎಲ್ಲವನ್ನೂ ಹೇಳಿದೆ. ಕಪಾಟಿನಲ್ಲಿಟ್ಟ ಕಾಗದಗಳನ್ನು ಹೇಳಿದೆ, ಭಾನುವಾರಗಳ ನಾಟಕವನ್ನು ಹೇಳಿದೆ. ಅವನು ಸಿಟ್ಟಾದಾನೆಂದು ತಿಳಿದಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ದಿವಸ ಒಬ್ಬಾಕಿನ ಇದನ್ನ ಹೊತ್ತುಕೊಂಡಿದ್ದೇನವ್ವ?" ಎಂದಷ್ಟೇ ಕೇಳಿದ. ಸೊಸೆ ಚಹಾ ತಂದು ಕೊಟ್ಟು ನನ್ನ ಪಕ್ಕದಲ್ಲಿ ಕುಳಿತಳು. "ಅತ್ತಿ, ನಾವು ಎಲ್ಲಿಗೆ ಹೋಗಬೇಕಂತ ಲೆಕ್ಕ ಹಾಕಿದ್ವಿ. ಯಾರನ್ನ ಕರಕೊಂಡು ಹೋಗ್ತೀವಿ ಅನ್ನೂದನ್ನ ಲೆಕ್ಕ ಹಾಕಲಿಲ್ಲ" ಎಂದಳು. ವಯಸ್ಸಿನಲ್ಲಿ ಚಿಕ್ಕವಳಾದರೂ ಅವಳ ಮಾತು ನನ್ನ ಮನಸ್ಸಿನಲ್ಲಿ ನಿಂತಿತು.

ಅಂದು ಬೆಳಿಗ್ಗೆ ಸಫಾರಿಗೆ ಹೋಗದೆ ಮತ್ತೆ ಅದೇ ಚರ್ಚೆ ಮಾಡಿದೆವು. ಈ ಸಲ ಪ್ರಶ್ನೆಗಳೇ ಬೇರೆಯಾಗಿದ್ದವು. ಎಷ್ಟು ವಿಮಾನ ಬದಲಿಸಬೇಕು? ನೆಲಮಟ್ಟದ ಕೋಣೆ ಇದೆಯೇ? ಬಾಗಿಲಿಗೆ ಒಳಗಿನಿಂದ ಬೀಗವಿದೆಯೇ? ರಾತ್ರಿ ಕಾವಲಿದ್ದಾರೆಯೇ? ಆಸ್ಪತ್ರೆ ಎಷ್ಟು ದೂರ? ಎಲ್ಲರೂ ಒಂದೇ ಸೂರಿನಡಿ ಮಲಗಬಹುದೇ? ದಿನಾಲೂ ಅದೇ ಮೇಜು, ಅದೇ ಕುರ್ಚಿ, ಅದೇ ಹೊತ್ತಿಗೆ ಊಟ ಸಾಧ್ಯವೇ? ಮರೆವಿನವರಿಗೆ ಹೊಸ ನೋಟಕ್ಕಿಂತ ನಿನ್ನೆಯ ಹಾಗೆಯೇ ಇರುವ ಇಂದು ಹೆಚ್ಚು ನೆಮ್ಮದಿ ಕೊಡುತ್ತದೆಂದು ನಮ್ಮ ವೈದ್ಯರು ಹೇಳಿದ್ದನ್ನು ನಾನು ನೆನಪಿಸಿದೆ.

ಹೀಗೆ ಕೇಳುತ್ತ ಹೋದಾಗ ಮೊದಲ ರಾತ್ರಿ ಯಾರ ಬಾಯಲ್ಲೂ ಬಾರದ ಊರೊಂದು ಉಳಿಯಿತು. ಕೀನ್ಯಾದ್ದೇ ಕರಾವಳಿ, ಮೊಂಬಾಸಾದ ದಕ್ಷಿಣಕ್ಕಿರುವ ಡಿಯಾನಿ. ಮನೆಯ ಹಿತ್ತಿಲೆಂಬಂತೆ ಅದನ್ನು ಮಗ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮಾರಾದಿಂದ ನೈರೋಬಿಗೆ ಹಿಂದಿರುಗದೆಯೇ ಸಣ್ಣ ವಿಮಾನದಲ್ಲಿ ಅಲ್ಲಿಗೆ ಹೋಗಬಹುದು. ಪಾಸ್‌ಪೋರ್ಟಿನ ಸಾಲಿಲ್ಲ, ಹೊಸ ದೇಶವಿಲ್ಲ. ಅಡಿಗೆಯವನೂ ಕಾವಲಿನವನೂ ಇರುವ ಇಡೀ ಮನೆಯೇ ಬಾಡಿಗೆಗೆ ದೊರೆಯುತ್ತದೆ. ಸೆಶೆಲ್ಸ್‌ಗೆ ಕೊಟ್ಟಿದ್ದ ಮುಂಗಡದ ಒಂದು ಭಾಗ ಹೋಯಿತು. ಮಗ ಅದರ ಮಾತನ್ನೇ ಎತ್ತಲಿಲ್ಲ.

ಡಿಯಾನಿಯಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ತಪ್ಪಾದೀತು. ಆ ಕರಾವಳಿಯಲ್ಲಿ ಮಲೇರಿಯಾ ಉಂಟು. ವೈದ್ಯರು ಕೊಟ್ಟ ಮಾತ್ರೆಯನ್ನು ಎಲ್ಲರೂ ತಪ್ಪದೆ ನುಂಗಬೇಕು, ಸೊಳ್ಳೆಪರದೆಯೊಳಗೇ ಮಲಗಬೇಕು. ಆಗಸ್ಟ್‌ನ ಗಾಳಿಗೆ ಕಡಲಪಾಚಿ ದಂಡೆಗೆ ಬಂದು ಬೀಳುತ್ತದೆ. ಚಿತ್ರಗಳಲ್ಲಿ ಕಾಣುವ ಬಿಳಿಯ ಮರಳು ಬೆಳಗಿನ ಹೊತ್ತು ಕಂದಾಗಿರುತ್ತದೆ. ಆದರೆ ದಂಡೆಯಿಂದ ದೂರದಲ್ಲಿ ಹವಳದ ದಿಬ್ಬ ಅಡ್ಡವಿರುವುದರಿಂದ ದೊಡ್ಡ ಅಲೆಗಳು ಅಲ್ಲಿಯೇ ಒಡೆದು, ಒಳಗಿನ ನೀರು ಕೆರೆಯಂತೆ ಶಾಂತವಾಗಿರುತ್ತದೆ. ಮಕ್ಕಳೂ ಮುದುಕರೂ ಮೊಣಕಾಲುದ್ದದ ನೀರಿನಲ್ಲಿ ನಿಲ್ಲಬಹುದು.

ಅಡಿಗೆಯವನು ನಡುವಯಸ್ಸಿನ ಸಂಭಾವಿತ. ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡವೆಂದಾಗ ಅವನು ಗಾಬರಿಯಾಗಲಿಲ್ಲ. ಭಾರತೀಯರಿಂದ ಕಲಿತ ಚಪಾತಿ ಆ ದೇಶದಲ್ಲಿ ಈಗ ಎಲ್ಲರ ಮನೆಯ ಊಟ, ಹೆಸರೂ ಚಪಾತಿಯೇ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅವರ ಕಾಳಿನ ಪಲ್ಯ, ಸುಕುಮಾ ಎಂಬ ಸೊಪ್ಪು, ಮೆಕ್ಕೆಜೋಳದ ಹಿಟ್ಟಿನಿಂದ ನಮ್ಮ ಮುದ್ದೆಯಂತೆಯೇ ತಿರುವಿದ ಉಗಾಲಿ ನಮಗೆ ಬಾಯಿಗೆ ಹತ್ತಿದವು. ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿಯನ್ನು ಅವನು ಕೇಳಿ ಪಡೆದು ಮನೆಗೆ ಒಯ್ದ.

ಒಂದು ದಿನ ಸೊಸೆ ಮಕ್ಕಳನ್ನು ಕಾಯಾ ಕಿನೊಂಡೊ ಎಂಬ ಪವಿತ್ರವನಕ್ಕೆ ಕರೆದೊಯ್ದಳು. ಅಲ್ಲಿನ ಡಿಗೊ ಜನ ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಕಾಡದು. ಒಳಗೆ ಹೋಗುವವರು ಸೊಂಟಕ್ಕೆ ಕಪ್ಪು ಬಟ್ಟೆ ಸುತ್ತಿಕೊಳ್ಳಬೇಕು. ಇಂಥ ಕಾಯಾ ವನಗಳನ್ನು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಕೊಡಗಿನ ದೇವರಕಾಡುಗಳ ವಿಷಯ ಮೊಮ್ಮಗಳಿಗೆ ತಿಳಿಸಿದಾಗ, ಅಷ್ಟು ದೂರದ ಜನಕ್ಕೆ ಒಂದೇ ಬುದ್ಧಿ ಹೇಗೆ ಬಂತೆಂದು ಅವಳಿಗೆ ಅಚ್ಚರಿಯಾಯಿತು.

ಯಜಮಾನರ ವಿಷಯಕ್ಕೆ ಬರುತ್ತೇನೆ. ಮೊದಲ ದಿನ ಅವರು ಕಂಗೆಟ್ಟಿದ್ದರು. ಎರಡನೆಯ ದಿನ ಸ್ನಾನ ಪೂಜೆಗಳಾದ ಮೇಲೆ ಜಗಲಿಯ ಒಂದು ಕುರ್ಚಿಯನ್ನು ತಮ್ಮದೆಂದು ಗುರುತಿಸಿಕೊಂಡರು. ಅಲ್ಲಿ ಕುಳಿತರೆ ಬಲಗಡೆಯಿಂದ ಎಡೆಬಿಡದೆ ಗಾಳಿ ಬೀಸುತ್ತಿತ್ತು. ಕಾವಲಿನವನು ಆ ಗಾಳಿಗೆ "ಕುಸಿ" ಎಂದು ಹೆಸರು ಹೇಳಿದ. ಮೊಮ್ಮಗ ಬಿದ್ದು ಬಿದ್ದು ನಕ್ಕ. ಕನ್ನಡದಲ್ಲಿ ಕುಸಿ ಎಂದರೆ ಬೀಳು, ಈ ಗಾಳಿಯೋ ಬೀಳುವುದೇ ಇಲ್ಲ ಎಂದ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದಿಂದ ಬೀಸುವುದು ಕುಸಿ, ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವುದು ಕಸ್ಕಾಜಿ ಎಂದು ಕಾವಲಿನವನು ವಿವರಿಸಿದ. ಮಗ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಂತೆಯೇ ಯಜಮಾನರು ಕುರ್ಚಿಯಿಂದ ಎದ್ದರು.

ಊರುಗೋಲು ಹಿಡಿದು ನೇರ ಮರಳಿಗೆ ಇಳಿದರು. ನಾನು ಹಿಂದೆಯೇ ಓಡಿದೆ. ಅವರು ಹಸಿಮರಳಿನ ಮೇಲೆ ಕೋಲಿನಿಂದ, ಎತ್ತದೆ ಒಂದೇ ಗೆರೆಯಲ್ಲಿ, ಆಫ್ರಿಕಾ ಖಂಡವನ್ನು ಬರೆದರು. ಅದರ ಬಲಗಡೆ ಮೇಲೆ ಭಾರತವನ್ನು ಬರೆದರು. ನಡುವೆ ಅಡ್ಡಗೆರೆ ಎಳೆದು, ಇದು ಭೂಮಧ್ಯರೇಖೆ ಎಂದರು. ಆಮೇಲೆ ತರಗತಿಯ ಧ್ವನಿಯಲ್ಲಿ ಮೊಮ್ಮಕ್ಕಳಿಗೆ ಪಾಠ ಹೇಳತೊಡಗಿದರು. ಜೂನ್ ತಿಂಗಳಲ್ಲಿ ಉತ್ತರದ ನೆಲ ಕಾಯುತ್ತದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ದಕ್ಷಿಣದ ಆಗ್ನೇಯ ವಾಣಿಜ್ಯ ಮಾರುತಗಳು ಈ ದಂಡೆಯನ್ನು ಅನುಸರಿಸಿ ಮೇಲಕ್ಕೆ ಹರಿದು ಭೂಮಧ್ಯರೇಖೆಯನ್ನು ದಾಟುತ್ತವೆ. ದಾಟಿದ ಮೇಲೆ ಏನಾಗುತ್ತದೆ? ಫೆರಲ್‌ನ ನಿಯಮ. ಉತ್ತರಾರ್ಧಗೋಳದಲ್ಲಿ ಬಲಕ್ಕೆ ತಿರುಗುತ್ತವೆ. ತಿರುಗಿ ಅರಬ್ಬಿ ಸಮುದ್ರದ ನೀರನ್ನು ಹೀರಿ, ಸಹ್ಯಾದ್ರಿಗೆ ಬಡಿದು ಮಳೆಯಾಗುತ್ತವೆ. ನಮ್ಮ ಮುಂಗಾರು ಇಲ್ಲಿಂದಲೇ ಹಾದು ಬರುವುದು. 1498ರಲ್ಲಿ ವಾಸ್ಕೋ ಡ ಗಾಮ ಇದೇ ಕರಾವಳಿಯ ಮಲಿಂದಿಯಿಂದ ಹೊರಟು, ಮುಂಗಾರು ಗಾಳಿ ಬಲಿಯುವ ಕಾಲಕ್ಕೆ ಕಲ್ಲಿಕೋಟೆ ಸೇರಿದ್ದು. ಹೀಗೆ ಒಂದು ಮಾತೂ ತಡವರಿಸದೆ, ಬಾಣದ ಗುರುತುಗಳನ್ನು ಎಳೆಯುತ್ತ ಹೇಳಿದರು. ಮಗ ಸ್ವಲ್ಪ ದೂರದಲ್ಲಿ ಕೈಕಟ್ಟಿ ವಿದ್ಯಾರ್ಥಿಯಂತೆ ನಿಂತಿದ್ದ.

ಸಂಜೆ ಉಬ್ಬರ ಬಂದು ಆ ನಕಾಶೆಯನ್ನು ಅಳಿಸಿತು. ಮರುದಿನ ಬೆಳಿಗ್ಗೆ ಯಜಮಾನರಿಗೆ ಹಿಂದಿನ ದಿನದ ಪಾಠದ ನೆನಪಿರಲಿಲ್ಲ. ಗಾಳಿ ಬೀಸಿತು, ಅವರು ಕೋಲು ಹಿಡಿದು ಎದ್ದರು, ಮತ್ತೆ ಮೊದಲಿನಿಂದ ಬರೆದರು. ಮೂರನೆಯ ದಿನವೂ, ನಾಲ್ಕನೆಯ ದಿನವೂ ಹಾಗೆಯೇ. ಮೊಮ್ಮಗಳು ಒಮ್ಮೆಯಾದರೂ "ಅಜ್ಜ, ಇದನ್ನು ನಿನ್ನೆ ಹೇಳಿದ್ದಿರಿ" ಎನ್ನಲಿಲ್ಲ. ದಾಟಿದ ಮೇಲೆ ಏನಾಗುತ್ತದೆ ಎಂದು ಅವರು ಕೇಳಿದಾಗ ಪ್ರತಿದಿನವೂ ಹೊಸದಾಗಿ ಯೋಚಿಸಿದವಳಂತೆ ಮಾಡಿ, ಬಲಕ್ಕೆ ತಿರುಗುತ್ತದೆ ಎಂದು ಉತ್ತರ ಕೊಡುತ್ತಿದ್ದಳು. ಅವರು ಶಹಬ್ಬಾಸ್ ಎನ್ನುತ್ತಿದ್ದರು. ಆ ಮಗುವಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಏಳು ದಿನಗಳಲ್ಲಿ ನಾವು ಮಾಡಿದ್ದು ಇಷ್ಟೇ. ಉಳಿದ ಹೊತ್ತು ಮಗ ತಂದೆಯ ಪಕ್ಕದಲ್ಲಿ ಕುಳಿತಿರುತ್ತಿದ್ದ. ಕಾಡಿನಲ್ಲಿ ನಾವೆಲ್ಲರೂ ಹೊರಗಿನದನ್ನು ನೋಡುತ್ತಿದ್ದೆವು. ಕಡಲಿನ ಎದುರು ನೋಡುವುದಕ್ಕೆ ಹೊಸದೇನೂ ಇಲ್ಲದ್ದರಿಂದ ಒಬ್ಬರನ್ನೊಬ್ಬರು ನೋಡಿದೆವು. ರಾತ್ರಿಗಳಲ್ಲಿ ನಾವು ಮೂವರು ಕುಳಿತು ಮುಂದಿನ ವ್ಯವಸ್ಥೆಯ ಮಾತನ್ನಾಡಿದೆವು. ಸೊಸೆಯ ಸಲಹೆಯಂತೆ ಧಾರವಾಡದ ಮನೆಗೆ ಹಗಲು ಹೊತ್ತಿಗೆ ಒಬ್ಬ ಸಹಾಯಕನನ್ನು ಗೊತ್ತುಮಾಡಿದೆವು. ಮಗ ವರ್ಷಕ್ಕೆ ಎರಡು ಸಲ ಬಂದು ತಿಂಗಳಿರುವುದೆಂದು ನಿಶ್ಚಯಿಸಿದ. ಎರಡು ವರ್ಷದಿಂದ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಸೆಶೆಲ್ಸ್‌ನ ಬಿಡಿಬಿಡಿ ಮನೆಗಳಲ್ಲಿ ಈ ಮಾತುಗಳು ಆಗುತ್ತಿದ್ದವೆಂದು ನನಗನಿಸುವುದಿಲ್ಲ.

ಹಿಂದಿರುಗುವಾಗ ಮೊಂಬಾಸಾದಿಂದ ನೈರೋಬಿಗೆ 2017ರಲ್ಲಿ ಆರಂಭವಾದ ಹೊಸ ರೈಲಿನಲ್ಲಿ ಬಂದೆವು. 1896ರಲ್ಲಿ ಇದೇ ದಿಕ್ಕಿನಲ್ಲಿ ಹಳೆಯ ಹಳಿ ಹಾಕಲು ಭಾರತದಿಂದ ಸಾವಿರಾರು ಕೂಲಿಗಳು ಹೋಗಿದ್ದರು. ತ್ಸಾವೊ ಕಾಡಿನ ಕೆಂಪುಮಣ್ಣಿನಲ್ಲಿ ಆನೆಗಳು ಕಂಡವು. ಯಜಮಾನರು ಕಿಟಕಿಗೆ ಮುಖವಿಟ್ಟು ಮಗುವಿನಂತೆ ನೋಡುತ್ತಿದ್ದರು.

ಓದುಗರಲ್ಲಿ ಯಾರಾದರೂ ಇಂಥ ಪ್ರವಾಸಕ್ಕೆ ಹೊರಡುವವರಿದ್ದರೆ ನನ್ನದೊಂದು ವಿನಂತಿ. ಸಫಾರಿ ದೇಹವನ್ನು ದಣಿಸುತ್ತದೆ. ಅದರ ಬೆನ್ನಿಗೆ ಮತ್ತೆ ದೂರದ ಪ್ರಯಾಣ, ದಿನಕ್ಕೊಂದು ಊರು, ನೋಡಲೇಬೇಕಾದ ನೂರು ಸ್ಥಳ ಎಂದು ಇಟ್ಟುಕೊಳ್ಳಬೇಡಿ. ಆರೋಗ್ಯವಂತರಾದ ದಂಪತಿಗಳಿಗೆ ಸೆಶೆಲ್ಸ್ ಸೊಗಸೇ, ಓದುವ ಮಕ್ಕಳಿಗೆ ಜಾಂಜಿಬಾರ್ ಉಪಯುಕ್ತವೇ, ಊಟದ ಕಟ್ಟುನಿಟ್ಟಿನವರಿಗೆ ಮಾರಿಷಸ್ ಅನುಕೂಲವೇ. ಯಾವ ಊರೂ ಕೆಟ್ಟದ್ದಲ್ಲ. ಆದರೆ ನಕಾಶೆಯನ್ನು ಬಿಡಿಸುವ ಮೊದಲು ಜೊತೆಗೆ ಬರುವವರಲ್ಲಿ ಅತ್ಯಂತ ದುರ್ಬಲರು ಯಾರೆಂದು ನೋಡಿ, ಅವರ ರಾತ್ರಿ ಹೇಗೆ ಕಳೆಯುತ್ತದೆಂದು ಯೋಚಿಸಿ. ಅವರು ನೆಮ್ಮದಿಯಾಗಿ ನಿದ್ರಿಸುವ ಮನೆಯೇ ಇಡೀ ಕುಟುಂಬಕ್ಕೆ ಐಷಾರಾಮದ ಮನೆ. ಮನೆಯ ಹಿರಿಯ ಹೆಣ್ಣುಮಕ್ಕಳಲ್ಲಿ ಇನ್ನೊಂದು ಮಾತು. ಕಾಯಿಲೆಯನ್ನು ಮಕ್ಕಳಿಂದ ಮುಚ್ಚಿಟ್ಟು ಅವರನ್ನು ಕಾಪಾಡುತ್ತಿದ್ದೇವೆಂದು ತಿಳಿಯುವುದು ತಪ್ಪು. ನಾನು ಆ ತಪ್ಪು ಮಾಡಿದೆ. ಅದರ ಬೆಲೆಯನ್ನು ಯಜಮಾನರು ಆ ರಾತ್ರಿ ತೆರಬೇಕಾಗಿ ಬರುತ್ತಿತ್ತು.

ಮರುವರ್ಷ, 2024ರ ಜೂನ್‌ನಲ್ಲಿ, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ಪಶ್ಚಿಮದಲ್ಲಿ ಮೋ��ವಾಗಿ ಗಾಳಿ ಎದ್ದಿತು. ಮಾರಾ, ಸಿಂಹ, ನದಿ, ಡಿಯಾನಿ ಯಾವುದೂ ಅವರಿಗೆ ಆಗಲೇ ನೆನಪಿರಲಿಲ್ಲ. ಫೋಟೋ ತೋರಿಸಿದರೆ, ಇವರು ಯಾರ ಮಕ್ಕಳು ಎಂದು ಕೇಳುತ್ತಿದ್ದರು. ಅಂದು ಗಾಳಿಗೆ ಮುಖವೊಡ್ಡಿ ಸ್ವಲ್ಪ ಹೊತ್ತು ನಿಂತು, "ಆಫ್ರಿಕಾದ ಕಡಿಂದ ಬಂತು ನೋಡು" ಎಂದರು. ಅದು ಆ ಕಡಲದಂಡೆಯ ನೆನಪೋ, 33 ವರ್ಷ ಹೇಳಿದ ಪಾಠವೋ ನಾನು ಕೇಳಲಿಲ್ಲ. ಹೌದ್ರಿ ಎಂದು, ಒಣಹಾಕಿದ್ದ ಬಟ್ಟೆಗಳನ್ನು ಒಳಗೆ ತರಲು ಎದ್ದೆ. ಅವರೂ ಜೊತೆಗೆ ಬಂದರು.